ಬಾಗಿಲ ಕೆಳಗಿನ ತೂತು

ಕೆನಡಾ ಮುಗಿದು ಕಡಲು ಶುರುವಾಗುವಲ್ಲಿ ನಮ್ಮೂರು, ಕಾರಾಕೆ.
ನವೆಂಬರಿನಿಂದ ಏಪ್ರಿಲ್ ತನಕ ರಸ್ತೆಗೆ ಉಪ್ಪು ಸುರಿಯುತ್ತಾರೆ,
ಹಿಮ ಕರಗಲಿ ಅಂತ.
ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕಲ್ಲ,
ನಮ್ಮಲ್ಲಿ ಆ ಮಾತು ಕಬ್ಬಿಣಕ್ಕೆ.
ತಿಂದು ಕುಡಿದು ಕೆಂಪು ಹೊಪ್ಪಳೆ ಎದ್ದು
ಅಪ್ಪನ ಗ್ಯಾರೇಜಿನೆದುರು ಸಾಲಾಗಿ ನಿಲ್ಲುತ್ತಿದ್ದವು ಕಾರುಗಳು.

ಎಂಬತ್ತೈದರಲ್ಲಿ, ಸಾಸಿವೆ ಹೂವಿನ ಹಳದಿಯ
ಪುಟ್ಟ ಕೊರಿಯನ್ ಕಾರೊಂದು ಬಂತು.
ಕೊಂಡವರು ಲೆಕ್ಕದ ಟೀಚರ್, ಜೆರ್ಮೇನ್ ಲಾಂತೆನ್.
ಅಪ್ಪ ಒಂದು ಪ್ರದಕ್ಷಿಣೆ ಹಾಕಿ
ಬಾನೆಟ್ಟಿಗೆ ಬೆರಳ ಗೆಣ್ಣಿಂದ ಬಡಿದು
"ಸಾರ್ಡೀನ್ ಡಬ್ಬಿ" ಅಂದ, "ಮೀನೊಂದು ಕಮ್ಮಿ."
ಬಾಗಿಲಲ್ಲಿದ್ದ ಗಂಡಸರೆಲ್ಲ ನಕ್ಕರು.
ನಾನೂ ನಕ್ಕೆ. ನನಗಾಗ ಒಂಬತ್ತು.
ಟೀಚರ್ ಕೈಗವಸು ಸರಿಮಾಡಿಕೊಂಡು
ಆಯಿಲ್ ಎಷ್ಟಾಯಿತು ಅಂತ ಕೇಳಿ
ಚಿಲ್ಲರೆ ಸಹಿತ ಎಣಿಸಿಕೊಟ್ಟರು.

ಭಾನುವಾರದ ಹೊತ್ತಿಗೆ ಆ ಡಬ್ಬಿ
ಚರ್ಚಿನ ಮೆಟ್ಟಿಲು, ಏಡಿ ಇಳಿಸುವ ಕಟ್ಟೆ, ಎಲ್ಲಾ ಸುತ್ತಿ ಬಂದಿತ್ತು.
ಕಾರಿಗಿಂತ ಮಾತೇ ಹೆಚ್ಚು ಮೈಲಿ ಓಡಿತು.

ಮೂರನೆಯ ಚಳಿಗಾಲಕ್ಕೆ ಬಾಗಿಲ ತಳ ಉದುರಿತು,
ಒದ್ದೆ ಬಿಸ್ಕತ್ತಿನ ಹಾಗೆ.
ಅಪ್ಪ ಕೆಳಗೆ ಮಲಗಿ ತಗಡು ಬೆಸೆಯುತ್ತ
ಚರ್ಚಿನ ಪಾತ್ರೆ ಪಡಗಗಳ ಹೆಸರೆಲ್ಲ ಹಿಡಿದು
(ಬಯ್ಯುವುದು ನಮ್ಮ ಕಡೆ ಹಾಗೆಯೇ)
"ಇಲ್ಲಿ ಮಡಚಿದ್ದೀಯಲ್ಲ ಮಾರಾಯ, ನೀರು ಹೋಗೋದೆಲ್ಲಿ?
ಒಂದು ತೂತು! ಒಂದೇ ಒಂದು ತೂತು ಇಡೋಕೆ ನಿನಗೇನಾಗಿತ್ತು!"
ಬೈಗುಳ ಯಾರಿಗೆ ಅಂತ ಅವನಿಗೂ ಗೊತ್ತಿರಲಿಲ್ಲ.
ಭೂಮಿಯ ಆಚೆ ಬದಿ ಯಾರೋ ಮಡಚಿದವನಿಗೆ.

ಆಮೇಲೆ ವರ್ಷಗಳು. ಗ್ಯಾರೇಜು ನನ್ನದಾಯಿತು.
ಆ ಕಾರುಗಳನ್ನು ಜನ ಮೊದಲು
"ಯಾರದೋ ಹಾಗಿದೆಯಲ್ಲ" ಅಂದರು;
ಆಮೇಲೆ "ಯಾರ ಹಾಗೂ ಇಲ್ಲವಲ್ಲ" ಅಂತ ಗೊಣಗಿದರು.
ಡಾಕ್ಟರು ಕೊಂಡರು. ಪಾದ್ರಿ ಕೊಂಡರು.
ಮೂಗು ಮುರಿದವರೇ ಕೀಲಿ ಕೊಟ್ಟು
"ಹುಷಾರು, ಗೀರು ಬಿದ್ದೀತು" ಅಂದರು ನನಗೆ.

ಹೋದ ಅಕ್ಟೋಬರಿನಲ್ಲಿ ಟೈರು ಬದಲಿಸಲು
ಏಡಿ ಹಿಡಿಯುವ ಹುಡುಗನೊಬ್ಬನ ಕಾರು ನಿಂತಿತ್ತು.
ಅಪ್ಪನಿಗೀಗ ಎಂಬತ್ತೊಂದು. ಕಣ್ಣಲ್ಲಿ ಹಾಲು ಕಲಸಿದೆ.
ಮುಂಗಾಲಿನಿಂದ ಹಿಂಭಾಗದ ತನಕ ಅಂಗೈ ಎಳೆದು
ಗೆರೆಯೊಂದು ತಿರುಗುವ ಕಡೆ ನಿಂತ, ವಾಪಸು ಬಂದ,
ಮತ್ತೆ ಎಳೆದ. ಮಾತಿಲ್ಲ.
ನಾನು ಯಾರ ಕಾರೆಂದು ಹೇಳಲಿಲ್ಲ.
ನೆಲಕ್ಕೆ ಮಂಡಿಯೂರಿ, ಬಾಗಿಲ ಅಂಚಿನಡಿ ಬೆರಳಾಡಿಸಿ
ತಟ್ಟನೆ ತಡೆದ.
"ತೂತು ಇಟ್ಟಿದ್ದಾನೆ."
ಇನ್ನೊಂದು ಗೇಣು ಸರಿದು, "ಇಲ್ಲೂ."
ಎದ್ದು ಮಂಡಿ ಒರೆಸಿಕೊಳ್ಳುತ್ತ
"ಕೇಳಿಸಿಕೊಂಡಿದ್ದಾನೆ ಕಣೇ, ಅವನು" ಅಂದ.
ಇಷ್ಟಾಗಿ ಒಳಗೆ ಕೂತು,
ಬೆಲ್ಟಿಗೊಂದು ಗಂಟೆ, ಬಾಗಿಲಿಗೊಂದು ಗಂಟೆ,
"ಇದೇನು ಕಾರೋ ಪೂಜೆಯೋ" ಅಂತ ಬೈದದ್ದೂ ಉಂಟು.

ಆ ಸಂಜೆಯೇ ಹಟ ಹಿಡಿದು
ಬೇಕರಿ ಮೇಲಿನ ಟೀಚರ ಮನೆಗೆ ಮೆಟ್ಟಿಲು ಹತ್ತಿದ.
"ಅವತ್ತು ಡಬ್ಬಿ ಅಂದೆನಲ್ಲ..."

"ಸರಿಯಾಗೇ ಅಂದೆ ತೆಯೋತಿಮ್, ಕೆಟ್ಟ ಕಾರೇ ಅದು.
ನನಗೆ ಗೊತ್ತಿರಲಿಲ್ಲವೇನು?
ನನ್ನ ಹತ್ತಿರ ಇದ್ದ ದುಡ್ಡಿಗೆ ಹೊಸದು ಅಂತ ಸಿಕ್ಕಿದ್ದು ಅದೊಂದೇ.
ಯಾರೂ ಕೂತಿರದ ಸೀಟಿನ ಮೇಲೆ
ಒಂದು ಸಲ ಕೂರಬೇಕಿತ್ತು ನಾನು."

ಕೆಟಲ್ ಕೂಗಿತು. ಯಾರೂ ಏಳಲಿಲ್ಲ.

"ನಕ್ಕದ್ದು ಇರಲಿ. ಬೆಸುಗೆಗೆ
ಹನ್ನೆರಡು ಡಾಲರು ಹೆಚ್ಚು ತಗೊಂಡೆ ನೀನು.
ಅದು ಲೆಕ್ಕ."

ಅಪ್ಪ ಪರ್ಸು ತೆಗೆದ.
ನೋಟಿನ ಮೂಲೆಯ ಉಬ್ಬುಚುಕ್ಕೆ ಬೆರಳಲ್ಲೇ ಓದಿ
ಹತ್ತರದ್ದೊಂದು, ಎರಡರ ನಾಣ್ಯವೊಂದು
ಮೇಜಿನ ಮೇಲಿಟ್ಟ.

ಟೀಚರ್ ಕನ್ನಡಕ ಹಾಕಿಕೊಂಡು ಎಣಿಸಿಕೊಂಡರು.